ಬೋಣಿಗೆಯ ಕೊತ್ತಂಬರಿ

ಈ ಬೆಳಿಗ್ಗೆ ಕೊತ್ತಂಬರಿ ಬಿಡಿಸಲು ಕೂತಿದ್ದೆ. ತಳ್ಳುಗಾಡಿಯವನ ಹತ್ತಿರ ಕೊಂಡ ಕಟ್ಟು. ಬುಡಕ್ಕೆ ಎರಡು ಸುತ್ತು ಹಾಕಿದ್ದ ರಬ್ಬರ್ ಬ್ಯಾಂಡ್ ಎಳೆಯುವಾಗ ಪಟ್ಟನೆ ಹರಿದು ಬೆರಳಿಗೆ ಹೊಡೆಯಿತು. ನೋವೇನೂ ಆಗಲಿಲ್ಲ. ಆದರೂ ಸೊಪ್ಪನ್ನು ಮೊರದಲ್ಲೇ ಬಿಟ್ಟು ಬಹಳ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಿವೃತ್ತಿಯಾದವರಿಗೆ ಹಾಗೆ ಕೂರಲು ದೊಡ್ಡ ಕಾರಣ ಬೇಕಿಲ್ಲ ಅನ್ನಿ. ಆದರೆ ನನಗೆ ಕಾರಣವಿತ್ತು. ಹೇಳುತ್ತೇನೆ, ಅದರಲ್ಲಿ ನಾನು ಅಷ್ಟೇನೂ ಒಳ್ಳೆಯವಳಾಗಿ ಕಾಣುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ.

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಒಂದಿಷ್ಟು ಜನ ಸೇರಿ ಭಾನುವಾರದ ಸಂತೆಯೊಂದನ್ನು ಶುರು ಮಾಡಿದೆವು. ಸುತ್ತಲಿನ ಹಳ್ಳಿಗಳ ಸಣ್ಣ ರೈತರು ತಾವು ಬೆಳೆದದ್ದನ್ನು ತಾವೇ ತಂದು ಶಾಲೆಯ ಮೈದಾನದಲ್ಲಿ ಕೂತು ಮಾರುವುದು, ಮಧ್ಯೆ ದಲ್ಲಾಳಿ ಇಲ್ಲದೆ ನಾವು ತಾಜಾ ತರಕಾರಿ ಕೊಳ್ಳುವುದು. ನಿಯಮ ಒಂದೇ, ಬೇರೆ ಕಡೆಯಿಂದ ಕೊಂಡು ತಂದ ಮಾಲು ಮಾರುವಂತಿಲ್ಲ. 'ಟೀಚರ್ ಮೂವತ್ತು ವರ್ಷ ಕನ್ನಡ ಕಲಿಸಿದವರು, ಅಕ್ಷರ ದುಂಡಗಿದೆ' ಎಂದು ಬೋರ್ಡು ಬರೆಯುವ ಕೆಲಸವನ್ನು ನನಗೇ ಹಚ್ಚಿದರು. 'ನಾವು ಬೆಳೆದದ್ದನ್ನೇ ನಾವು ಮಾರುತ್ತೇವೆ' ಎಂದು ಬರೆದು ಕೆಳಗೊಂದು ಗೆರೆ ಎಳೆದೆ. ಗೆರೆ ಎಳೆಯುವ ಚಟ ನಿವೃತ್ತಿಯಾದ ಮೇಲೂ ಹೋಗುವುದಿಲ್ಲ.

ಹಾಲಮ್ಮ ಅಲ್ಲಿಗೆ ಕೊಂಡಜ್ಜಿ ಎಂಬ ಹಳ್ಳಿಯಿಂದ ಬರುತ್ತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಇದ್ದ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆದು, ಬಾಳೆ ನಾರಿನಲ್ಲಿ ಕಟ್ಟು ಕಟ್ಟಿ, ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬರುತ್ತಿದ್ದಳು. ನನಗೋ ಮಂಡಿನೋವು, ಬೆಳಗಾಗುವ ಮುಂಚೆಯೇ ಎಚ್ಚರ. ಹಾಸಿಗೆಯಲ್ಲಿ ಹೊರಳಾಡುವ ಬದಲು ನಡೆದರೆ ವಾಸಿ ಎಂದು ಚೀಲ ಹಿಡಿದು ಹೊರಟರೆ, ಆಕೆ ಗೋಣಿತಟ್ಟು ಹಾಸುವುದಕ್ಕೂ ನಾನು ಅಲ್ಲಿಗೆ ಮುಟ್ಟುವುದಕ್ಕೂ ಸರಿಹೋಗುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ಆಕೆಯ ಬೋಣಿಗೆ ನನ್ನದೇ. ನಾನು ಕೊಟ್ಟ ದುಡ್ಡನ್ನು ಕಣ್ಣಿಗೊತ್ತಿಕೊಂಡು ಹೇಳುತ್ತಿದ್ದಳು, "ನಿಮ್ಮ ಕೈಗುಣ ಚಲೋ ಐತ್ರಿ ಟೀಚರ್. ನೀವು ಬಂದೋದ ದಿನ ಒಂದ್ ಕಟ್ಟೂ ವಾಪಸ್ ಒಯ್ಯಲ್ಲ ನಾನು."

ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಹೆಡ್‌ಮಾಸ್ಟರೂ ನನ್ನನ್ನು ಹೀಗೆ ಹೊಗಳಿರಲಿಲ್ಲ. ನಾನು ಉಬ್ಬಿಹೋದೆ. ಮಂಡಿ ನೋಯದ ದಿನವೂ ಬೇಗ ಎದ್ದು ಓಡತೊಡಗಿದೆ.

ಭಾನುವಾರ ನಮ್ಮ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ. ಮೇಲೆ ಕೈತುಂಬ ಕೊತ್ತಂಬರಿ ಉದುರಿಸದಿದ್ದರೆ ನಮ್ಮ ಯಜಮಾನರು ತಟ್ಟೆಯನ್ನು ಉತ್ತರಪತ್ರಿಕೆಯ ಹಾಗೆ ನೋಡುತ್ತಾರೆ. ಅದಕ್ಕೇ ನಾನು ಹೋದವಳೇ ಕೇಳುತ್ತಿದ್ದೆ, "ಕೊತ್ತಂಬರಿ ಐತೇನು ಹಾಲಮ್ಮ?" "ಐತ್ರಿ" ಅನ್ನುತ್ತಿದ್ದಳು. ಮಳೆಗಾಲವಿರಲಿ, ಚಳಿಗಾಲವಿರಲಿ, ಎರಡು ವರ್ಷ ಒಂದೇ ಪ್ರಶ್ನೆಗೆ ಒಂದೇ ಉತ್ತರ. ಕಡುಬೇಸಿಗೆಯಲ್ಲಿ ಕೊತ್ತಂಬರಿ ಬಿತ್ತಿದರೆ ಬಿಸಿಲಿಗೆ ಮೇಲೇಳುವುದೇ ಕಷ್ಟ ಎಂಬುದು ನನಗೆ ಗೊತ್ತಿರಲಿಲ್ಲ. ತಾಜಾ ಆಹಾರದ ಬಗ್ಗೆ ಸಭೆಯಲ್ಲಿ ಭಾಷಣ ಮಾಡುವವರಿಗೆ ಇಂಥದ್ದೆಲ್ಲ ಗೊತ್ತಿರಬೇಕೆಂದು ಕಡ್ಡಾಯವೇನಿಲ್ಲವಲ್ಲ.

ನಮ್ಮ ಜನಕ್ಕೆ 'ಇಲ್ಲ' ಎಂಬ ಮಾತನ್ನು ಕಂಡರೆ ಎಂಥ ಹೆದರಿಕೆ ನೋಡಿ. ಮನೆಯಲ್ಲಿ ಅಕ್ಕಿ ಮುಗಿದರೆ ಹೆಚ್ಚಿದೆ ಅನ್ನುತ್ತೇವೆ. ಬಳೆ ಒಡೆದರೂ ಹೆಚ್ಚಿತು ಅನ್ನುತ್ತೇವೆ. ಹೊರಟವರು ಹೋಗುತ್ತೇನೆ ಅನ್ನುವಂತಿಲ್ಲ, ಹೋಗಿ ಬರುತ್ತೇನೆ ಅನ್ನಬೇಕು. ಇನ್ನು ವ್ಯಾಪಾರಕ್ಕೆ ಕೂತವರು ಬೋಣಿಗೆ ಗಿರಾಕಿಗೆ 'ಇಲ್ಲ' ಎಂದರೆ ಮುಗಿದೇಹೋಯಿತು, ಇಡೀ ದಿನ ಬರೀ ಇಲ್ಲವೇ. ಈ ಮಾತುಗಳ ಬಗ್ಗೆ ನಾನು ಮಕ್ಕಳಿಗೆ ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದ್ದೇನೆ. ಪಾಠ ಮಾಡಿದವಳಿಗೇ ಅದು ಹತ್ತಲಿಲ್ಲ.

ಎರಡನೇ ಬೇಸಿಗೆಯಲ್ಲಿ ಒಂದು ಭಾನುವಾರ ಮನೆಗೆ ಬಂದು ಚೀಲ ಸುರಿದರೆ, ಹಾಲಮ್ಮ ಕೊಟ್ಟ ಕೊತ್ತಂಬರಿ ಕಟ್ಟಿಗೆ ರಬ್ಬರ್ ಬ್ಯಾಂಡ್ ಇತ್ತು. ಬಾಳೆ ನಾರಿಲ್ಲ. ದೊಡ್ಡ ಮಾರ್ಕೆಟ್ಟಿನ ಮಾಲು ಎಂದು ನೋಡಿದ ಕೂಡಲೇ ಗೊತ್ತಾಯಿತು. ಹೋಗಿ ಆಕೆಯನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಫೋಟೊ ತೆಗೆದು ಸಂತೆಯ ವಾಟ್ಸಾಪ್ ಗುಂಪಿಗೆ ಹಾಕಿ, 'ಹಾಲಮ್ಮನ ಹೊಲದಲ್ಲಿ ಈಗ ರಬ್ಬರ್ ಬ್ಯಾಂಡೂ ಬೆಳೆಯುತ್ತದೆಯೇ?' ಎಂದು ಬರೆದೆ. ಚಮತ್ಕಾರವಾಗಿ ಬರೆದೆನೆಂದು ಖುಷಿಯೂ ಆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂಡಕ್ಕಿ ತಿಂದು ಕೈತೊಳೆಯುವಷ್ಟರಲ್ಲಿ ನೂರಾರು ಜನ ಓದಿ, ಇಂಥವರಿಗೆ ಜಾಗ ಕೊಡಬಾರದು ಎಂದು ತೀರ್ಮಾನಿಸಿಯಾಗಿತ್ತು.

ಮುಂದಿನ ಭಾನುವಾರ ಸಂತೆಯ ಸಂಚಾಲಕರು ನಾಲ್ಕು ಜನರನ್ನು ಕರೆದುಕೊಂಡು ಆಕೆಯ ಮುಂದೆ ನಿಂತರು. ಕೊಳ್ಳಲು ಬಂದವರೂ ಸುತ್ತ ಕೂಡಿದರು. "ಇದನ್ನ ಮಾರ್ಕೆಟ್ಟಿಂದ ತಂದಿದ್ದೇನಮ್ಮ?" ಎಂದು ಫೋನಿನಲ್ಲಿ ಫೋಟೊ ತೋರಿಸಿದರು.

"ಹೌದ್ರಿ," ಅಂದಳು.

"ಯಾಕ?"

ಹಾಲಮ್ಮ ಜನರ ಹಿಂದೆ ನಿಂತಿದ್ದ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಹಾಸಿದ್ದ ಗೋಣಿತಟ್ಟು ಮಡಚಿ, ಬುಟ್ಟಿ ತಲೆಗೇರಿಸಿಕೊಂಡು ಹೊರಟಳು. ನಾನು ಮುಂದೆ ಬಂದು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಆಕೆಯ ಪಕ್ಕದಲ್ಲೇ ಕೂರುತ್ತಿದ್ದವನು ಲೋಕಿಕೆರೆಯ ಬಸಣ್ಣ, ಹೀರೇಕಾಯಿ ಮಾರುವವನು. ಎರಡು ವಾರ ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ವಾರ ತಕ್ಕಡಿ ಎತ್ತುತ್ತಾ ಅಂದ, "ಬ್ಯಾಸಿಗ್ಯಾಗ ಒಂದಾ ಒಂದ್ ಕಟ್ಟು ತರ್ತಿದ್ಲ್ರಿ ಟೀಚರ್, ನಿಮಗೆ ಅಂತ. ಬಸ್ ಇಳಿದು ಮಾರ್ಕೆಟ್‌ಗೆ ಹೋಗಿ ತಗಂಡು, ನಾರು ಬಿಗಿದು ಇಡೋಳು. ಅವತ್ತು ನಾರು ಕಟ್ಟಾಕೆ ಹೊತ್ತು ಸಿಗ್ಲಿಲ್ಲ, ನೀವು ಬಂದ್ಬಿಟ್ರಿ. ಬೋಣಿಗಿ ಗಿರಾಕಿಗೆ ಇಲ್ಲ ಅನ್ನಾಕೆ ಆಕ್ಕೈತಾ ಹೇಳ್ರಿ?"

ಆ ದಿನ ಹೀರೇಕಾಯಿ ಕೊಂಡೆನೋ ಬಿಟ್ಟೆನೋ ನೆನಪಿಲ್ಲ. ಬೇರೆ ಯಾರಿಗೂ ಆಕೆ ಮಾರ್ಕೆಟ್ಟಿನ ಸೊಪ್ಪು ಮಾರಿರಲಿಲ್ಲ. ನಾನು ಬರೆದ ನಿಯಮವನ್ನು ಆಕೆ ಮುರಿದದ್ದು ನನ್ನೊಬ್ಬಳಿಗಾಗಿ, ಅದನ್ನು ಹಿಡಿದುಕೊಟ್ಟವಳೂ ನಾನೇ. ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಆಮೇಲೆ ಹಾಲಮ್ಮನಿಗೆ ಮತ್ತೆ ಜಾಗ ಕೊಡಿ ಎಂದು ಸಂತೆಯ ಸಮಿತಿಯವರನ್ನು ಒಪ್ಪಿಸಲು ಓಡಾಡಿದ್ದೇ ಓಡಾಡಿದ್ದು. ಇವತ್ತು ಒಬ್ಬರಿಗೆ ಮದುವೆ ಮನೆ, ನಾಳೆ ಇನ್ನೊಬ್ಬರಿಗೆ ಜ್ವರ. ಎಲ್ಲರೂ ಕೂಡಿದ ದಿನ ನಿಯಮ ಅಂದರೆ ನಿಯಮ ಎಂದು ನನಗೇ ನನ್ನ ಬೋರ್ಡು ತೋರಿಸಿದರು. ವಿವರಿಸಿ ವಿವರಿಸಿ ಬಾಯಿ ಒಣಗಿತು. ಒಂದು ಒಳ್ಳೆಯ ಕೆಲಸ ಮಾಡಲು ಇಷ್ಟು ದಣಿಯಬೇಕೇ ಎಂದು ಬೇಸರವೂ ಬಂತು, ಕೆಡಿಸಲು ಮಾತ್ರ ಒಂದು ಸಾಲು ಸಾಕಾಗಿತ್ತು. ಕೊನೆಗೆ ನನ್ನ ಕಾಟ ತಾಳದೆ ಒಪ್ಪಿದರು.

ಹಾಲಮ್ಮ ಈಗ ಹರಿಹರದಲ್ಲಿ ರಸ್ತೆ ಬದಿ ಕೂರುತ್ತಾಳೆಂದು ಬಸಣ್ಣ ಹೇಳಿದ್ದ. ಮೊನ್ನೆ ಬೆಳಿಗ್ಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ 'ತಪ್ಪಾಯ್ತು' ಅನ್ನುವುದನ್ನು ಅಭ್ಯಾಸ ಮಾಡಿದೆ. ಮಕ್ಕಳಿಂದ ಹೇಳಿಸಿಯೇ ಗೊತ್ತಿದ್ದ ಮಾತು ಅದು, ಹೇಳಿ ಗೊತ್ತಿರಲಿಲ್ಲ. ನಾನು ಹೋದಾಗ ಆಕೆ ಇನ್ನೂ ಕಟ್ಟುಗಳನ್ನು ಜೋಡಿಸುತ್ತಿದ್ದಳು. ಬೋಣಿಗೆ ಆಗಿರಲಿಲ್ಲ. ಈಗಲೇ ಹೋಗಿ 'ಸಂತೆಗೆ ವಾಪಸ್ ಬಾ' ಅಂದರೆ, ಬೋಣಿಗೆಗೆ ಮುಂಚೆ ಇಲ್ಲ ಅನ್ನಲಾರದೆ ಆಕೆ ಮನಸ್ಸಿದ್ದರೂ ಇಲ್ಲದಿದ್ದರೂ 'ಹೂಂ' ಅನ್ನುವವಳೇ. ಅದು ನನಗೆ ಬೇಡವಾಗಿತ್ತು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಮಂಡಿ ಒತ್ತಿಕೊಳ್ಳುತ್ತಾ ಕೂತೆ. ಬಹಳ ಹೊತ್ತಿನ ಮೇಲೆ ಒಬ್ಬ ಹೆಣ್ಣುಮಗಳು ಬಂದು ಮೆಂತ್ಯ ಸೊಪ್ಪು ಕೊಂಡಳು. ಹಾಲಮ್ಮ ದುಡ್ಡು ಕಣ್ಣಿಗೊತ್ತಿಕೊಂಡಳು. ಆಗ ಎದ್ದು ಹೋದೆ.

"ಬರ್ರಿ ಟೀಚರ್, ಇಷ್ಟು ದೂರ ಬಂದೀರಿ," ಎಂದು ಗೋಣಿತಟ್ಟಿನ ಮೇಲೆ ಜಾಗ ಮಾಡಿದಳು.

"ತಪ್ಪಾಯ್ತು ಹಾಲಮ್ಮ," ಅಂದೆ. "ಎಲ್ಲರ ಹತ್ರ ಮಾತಾಡೀನಿ. ನಿನ್ನ ಜಾಗ ನಿನಗೈತೆ. ಬರ್ತೀಯಾ?"

ಆಕೆ ಸೊಪ್ಪಿಗೆ ನೀರು ಚಿಮುಕಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇಲ್ರಿ ಟೀಚರ್. ನಾನು ಬರಲ್ಲ. ಅಷ್ಟು ಜನದ ಮುಂದೆ ಹೌದು ಅಂದೀನಿ. ಇನ್ನ ಅಲ್ಲಿ ಕುಂತ್ರೆ ಬಂದೋರು ಸೊಪ್ಪು ನೋಡಲ್ಲ, ನನ್ನ ನೋಡ್ತಾರೆ."

ಎರಡು ವರ್ಷದಲ್ಲಿ ಆಕೆ ನನಗೆ ಇಲ್ಲ ಅಂದದ್ದು ಅದೇ ಮೊದಲು.

ಮೊರದ ಸೊಪ್ಪು ಹಾಗೇ ಇದೆ, ಬಿಡಿಸಬೇಕು. ನಾಡಿದ್ದು ಭಾನುವಾರ. ನಾನೀಗ ಬೇಗ ಎದ್ದರೂ ಬೇಗ ಹೋಗುವುದಿಲ್ಲ, ಬೇರೆ ನಾಲ್ಕು ಜನ ಕೊಂಡ ಮೇಲೆ ಹೋಗುತ್ತೇನೆ. ಕೇಳಿದ್ದು ಇಲ್ಲದಿದ್ದರೆ ಇಲ್ಲ ಅನ್ನುತ್ತಾರೆ, ಇದ್ದದ್ದನ್ನು ತರುತ್ತೇನೆ. ಅಷ್ಟು ಸುಲಭದ ಮಾತು. ಹಾಲಮ್ಮ ಅದನ್ನು ನನಗೆ ಹೇಳುವಂತಾಗಬೇಕಾದರೆ ಅವಳ ಜಾಗವೇ ಹೋಗಬೇಕಾಯಿತು.