ಕಿಟಕಿ ತೆರೆದ ಅಡುಗೆಮನೆ ಬೇಕು

ಕೋಲಾರದ ಮುನಿಲಕ್ಷ್ಮಿ ದೆಹಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳಿದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ತಿಂಗಳ ಕೊನೆಗೆ ಖಾಲಿ ಮಾಡಲೇಬೇಕಿತ್ತು. ಜೊತೆಗಿದ್ದ ತಂಗಿಯ ಮಗಳು ತನುಶ್ರೀಯನ್ನು ಕಟ್ಟಿಕೊಂಡು ದೆಹಲಿಗೆ ಅಂಟಿಕೊಂಡ ಇಂದಿರಾಪುರಂ ಬಡಾವಣೆ ಪೂರ್ತಿ ಅಲೆಯುತ್ತಿದ್ದಳು.

ಕೊನೆಗೆ ದಲ್ಲಾಳಿ ತೋರಿಸಿದ ಒಂದು ಫ್ಲ್ಯಾಟು ಇಬ್ಬರಿಗೂ ಹಿಡಿಸಿತು. ಕರ್ನಾಟಕದವರೆಂದು ಕೇಳಿದ್ದೇ, ಪಕ್ಕದ ಮನೆಯಲ್ಲೇ ಇದ್ದ ಅದರ ಮಾಲೀಕರ ಮುಖ ಅರಳಿತು.

"ಅಚ್ಛಾ, ಸೌತ್ ಇಂಡಿಯನ್! ಇಡ್ಲಿ, ಸಾಂಬಾರು, ಪೂಜೆ. ನಿಮ್ಮ ಕಡೆಯವರು ಮೊಟ್ಟೆಯನ್ನೂ ಮುಟ್ಟಲ್ಲ ಅಂತ ಗೊತ್ತು. ನಾಳೆಯೇ ಬಂದ್ಬಿಡಿ, ಬೇಟಿ."

ತನುಶ್ರೀ ಕನ್ನಡದಲ್ಲಿ ಪಿಸುಗುಟ್ಟಿದಳು. "ದೊಡ್ಡಮ್ಮ, ಹೂಂ ಅಂದ್ಬಿಡು. ಮಟನ್ ಹೊರಗೆ ತಿಂದ್ಕೊಳ್ಳೋಣ."

ಮುನಿಲಕ್ಷ್ಮಿಗೂ ಆಸೆಯಾಗದೆ ಇರಲಿಲ್ಲ. ಆದರೆ ಹಳೆಯ ಮನೆಯಲ್ಲಿ ಪ್ರತಿ ಭಾನುವಾರ ಕಿಟಕಿ ಮುಚ್ಚಿ, ಕುಕ್ಕರಿನ ಸೀಟಿಗೂ ಬೆಚ್ಚುತ್ತ ಕದ್ದುಮುಚ್ಚಿ ಮಟನ್ ಸಾರು ಕುದಿಸಿ ಅವಳಿಗೆ ಸಾಕಾಗಿತ್ತು.

"ಅಂಕಲ್, ನಾವು ಮಟನ್ ತಿಂತೀವಿ, ಮೀನು ತಿಂತೀವಿ. ಈ ಅಡುಗೆಮನೇಲೇ ಬೇಯಿಸ್ತೀವಿ. ಒಪ್ಪಿಗೆ ಇದ್ರೆ ಕೊಡಿ."

ಮಾಲೀಕರ ಮುಖ ಹುಳ್ಳಗಾಯಿತು. "ನಾವು ಊರಲ್ಲಿ ಇಲ್ಲದಾಗ ಬೇಕಾದ್ರೆ..."

"ನೀವು ಯಾವಾಗ ಊರು ಬಿಡ್ತೀರಿ ಅಂತ ಕಾಯ್ಕೊಂಡು ಕೂರೋಕಾಗಲ್ಲ ಅಂಕಲ್," ಎಂದವಳೇ ಹೊರಬಂದಳು.

ರಸ್ತೆಯಲ್ಲಿ ದಲ್ಲಾಳಿ ತಲೆ ಚಚ್ಚಿಕೊಂಡ. "ಸುಮ್ನಿದ್ದಿದ್ರೆ ಮನೆ ನಿಮ್ದಾಗ್ತಿತ್ತು ಮೇಡಂ!"

"ಮುಂದಿನ ಮಾಲೀಕರಿಗೆ ಈಗಲೇ ಫೋನ್ ಮಾಡು ಭಯ್ಯಾ. ಮಟನ್ ವಿಷಯ ನಾನೇ ಮೊದಲು ಹೇಳ್ತೀನಿ. ಆಗಲ್ಲ ಅಂದ್ರೆ ಮೆಟ್ಟಿಲು ಹತ್ತೋದಾದ್ರೂ ತಪ್ಪುತ್ತೆ."

ದಲ್ಲಾಳಿ ಗೊಣಗುತ್ತಲೇ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟ.