ಇಲ್ಲದ ಹೊಲಕ್ಕೆ ಅಕ್ಕೋರನ್ನು ಕರೆದದ್ದು

ಹೊಲ ಇದೆ ಎಂದು ನಾನು ಸುಳ್ಳು ಹೇಳಿದ್ದು ಜೀವನದಲ್ಲಿ ಒಂದೇ ಸಲ. ಅದನ್ನೂ ಹೇಳಿದ್ದು ಮಗಳ ಗಣಿತದ ಅಕ್ಕೋರ ಮುಂದೆ, ಶಾಲೆಯ ಗೇಟಿನಲ್ಲಿ, ನಾಲ್ಕು ಜನ ಹೆಂಗಸರು ಕೇಳುವ ಹಾಗೆ. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಅವರಿಗೆ ಸುಳ್ಳು ಹೇಳಿದರೆ ದೇವರಿಗೆ ಹೇಳಿದಂತೆ ಎಂದು ನನ್ನವ್ವ ಹೆದರಿಸುತ್ತಿದ್ದಳು. ಆ ಹೆದರಿಕೆ ಅವತ್ತು ಎಲ್ಲಿ ಹೋಗಿತ್ತೋ ಕಾಣೆ.

ಸಿಂದಗಿ ರಸ್ತೆಯ ಮೇಲಿನ ಸಣ್ಣ ಊರು ನಮ್ಮದು. ನಾನು ಕುಪ್ಪಸ ಹೊಲಿಯುತ್ತೇನೆ. ಹೊಲಿಗೆ ಕಡಿಮೆಯಾದಾಗ ಮಂದಿಯ ಹೊಲಕ್ಕೆ ಕಳೆ ತೆಗೆಯಲು, ತೊಗರಿ ಕೊಯ್ಯಲು ಹೋಗುತ್ತೇನೆ. ಗಂಡ ಚಡಚಣದ ಕಡೆ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಾನೆ, ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೊಲ ನಮ್ಮಪ್ಪನ ಕಾಲಕ್ಕೂ ಇರಲಿಲ್ಲ. ಅದಕ್ಕಾಗಿ ನಾನು ಅತ್ತವಳೂ ಅಲ್ಲ.

ಮಗಳು ಆರನೆಯ ತರಗತಿಯಲ್ಲಿದ್ದಾಗ ಭಿನ್ನರಾಶಿ ಶುರುವಾಯಿತು. ಅದರ ಜೊತೆಗೇ ಅವಳ ಹೊಟ್ಟೆನೋವೂ ಶುರುವಾಯಿತು. ಗಣಿತದ ಪಿರಿಯಡ್ ಇರುವ ದಿನವೇ ನೋಯುವ ಹೊಟ್ಟೆ ಅದು. ನಾನು ಮೊದಲು ಓಂಕಾಳಿನ ನೀರು ಕುಡಿಸಿದೆ, ಆಮೇಲೆ ಬೈದೆ, ಕೊನೆಗೆ ಬೇಸತ್ತು, “ಸಾಕು ಬಿಡು, ಮಿಷನ್ ಮ್ಯಾಲ ಕೂಡು,” ಅಂದೆ. ಅವಳು ಖುಷಿಯಿಂದ ಕೂತಳು. ನನ್ನ ತಾಯಿಬುದ್ಧಿ ಅಷ್ಟೇ ಇತ್ತು, ಈಗ ನೆನೆದರೆ ಸಿಟ್ಟು ಬರುತ್ತದೆ.

ಎಂಟು ದಿನಕ್ಕೆ ಅಕ್ಕೋರು ಮನೆಗೇ ಬಂದರು. ಅವರ ತವರು ಇಂಡಿ, ಸಿಂದಗಿಯಲ್ಲಿ ಬಾಡಿಗೆ ಮನೆ, ದಿನಾ ಬಸ್ಸಿನ ಓಡಾಟ. ಉಪದೇಶ ಮಾಡುತ್ತಾರೆ ಅಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಚೀಲದಿಂದ ಒಂದು ಹಸಿರು ಬಟ್ಟೆ ತೆಗೆದು, “ನನಗೊಂದು ಕುಪ್ಪಸಾ ಹೊಲದು ಕೊಡ್ರಿ. ಆದ್ರ ಅಳತಿ ನಿಮ್ಮ ಮಗಳು ತಗೀಲಿ,” ಅಂದರು.

ಮಗಳು ಟೇಪು ಹಿಡಿದಳು. “ತೋಳಿನ ಉದ್ದಾ ಎಷ್ಟಾತು? ಅದರಾಗ ಅರ್ಧಾ ಎಷ್ಟು? ಅರ್ಧದಾಗ ಅರ್ಧಾ ಎಷ್ಟು?” ಅಕ್ಕೋರು ಕೈ ಚಾಚಿಕೊಂಡು ನಿಂತೇ ಕೇಳುತ್ತಿದ್ದರು. ಅವತ್ತು ಬಸ್ಸು ತಪ್ಪಿತು. ಮರುದಿನ ಬೆನ್ನಿನ ಅಳತೆ, ಅದರ ಮರುದಿನ ಕೊರಳಿನ ಅಳತೆ. ಒಂದು ಕುಪ್ಪಸಕ್ಕೆ ಅಷ್ಟು ದಿನ ಅಳತೆ ಕೊಟ್ಟ ಗಿರಾಕಿಯನ್ನು ನಾನು ಇನ್ನೂ ಕಂಡಿಲ್ಲ. ಕೊನೆಗೆ ಬಟ್ಟೆ ಕತ್ತರಿಸಿದವಳೂ ಮಗಳೇ. ಲೆಕ್ಕ ಒಂದು ಕಡೆ ತಪ್ಪಿ ಎಡತೋಳು ಒಂದು ಬೆರಳು ಗಿಡ್ಡವಾಯಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಕ್ಕೋರು ಮಾತ್ರ ಅದನ್ನೇ ತೊಟ್ಟುಕೊಂಡು ಶಾಲೆಗೆ ಹೋಗಿ, ಎರಡೂ ತೋಳು ಚಾಚಿ, ಎಷ್ಟು ಕಡಿಮೆ ಬಿತ್ತು ಎಂದು ಇಡೀ ತರಗತಿಗೆ ಲೆಕ್ಕ ಮಾಡಿಸಿದರಂತೆ. ಮಗಳೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಳಂತೆ. ಆ ಮೇಲೆ ಅವಳ ಹೊಟ್ಟೆ ನೋಯಲಿಲ್ಲ.

ಇಂಥವರಿಗೆ ಏನು ಕೊಡುವುದು? ಊರವರು ಶಿಕ್ಷಕರ ದಿನಕ್ಕೆ ಶಾಲು ಹೊದಿಸುತ್ತಾರೆ. ನಮ್ಮ ಬಿಸಿಲಿಗೆ ಶಾಲು ಹೊದಿಸುವುದು ಸತ್ಕಾರವೋ ಶಿಕ್ಷೆಯೋ ಹೊದಿಸಿಕೊಂಡವರೇ ಹೇಳಬೇಕು. ಮಕ್ಕಳು ಪೆನ್ನು, ಗುಲಾಬಿ ಕೊಡುತ್ತಾರೆ. ಆದರೆ ನಮ್ಮ ಕಡೆ ಮನಸಾರೆ ಮಾಡುವ ಮರ್ಯಾದೆ ಬೇರೆಯೇ ಇದೆ. ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಅಂದರೆ ಎಡೆಯ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ಮೇಲೆ ಎರಚಿ, ಬೇಕಾದವರನ್ನು ಕೂಡಿಸಿಕೊಂಡು ಉಣ್ಣುತ್ತೇವೆ. ಆ ದಿನ ಹೊಲಕ್ಕೆ ಕರೆದರೆ ಒಳಗಿನವರು ಎಂದು ಅರ್ಥ. ಅಕ್ಕೋರಿಗೆ ಪ್ರತಿ ವರ್ಷ ಏಳೆಂಟು ಹೊಲದ ಕರೆ. ಅವರು ಎಲ್ಲ ಕಡೆ ಹೋಗಿ ಒಂದೊಂದು ತುತ್ತಾದರೂ ಉಣ್ಣುತ್ತಿದ್ದರು.

ಎರಡು ವರ್ಷದ ಹಿಂದೆ, ಅಮಾವಾಸ್ಯೆ ಹತ್ತಿರ ಬಂದಾಗ, ಅವರಿಗೆ ಮುದ್ದೇಬಿಹಾಳ ತಾಲೂಕಿಗೆ ವರ್ಗವಾದ ಸುದ್ದಿ ಬಂತು. ಹಬ್ಬ ಮುಗಿದ ವಾರದಲ್ಲೇ ಹೊರಡುವವರಿದ್ದರು. ಗೇಟಿನಲ್ಲಿ, ಊರೆಲ್ಲ ಕಾಕಿ ಎಂದು ಕರೆಯುವ ದೊಡ್ಡ ಮನೆಯ ಹೆಂಗಸು ಅವರ ಕೈ ಹಿಡಿದು, “ಈ ಸಲಾನೂ ಮೊದಲನೇ ತುತ್ತು ನಮ್ಮ ಹೊಲದಾಗ್ರಿ ಅಕ್ಕೋರ,” ಅನ್ನುತ್ತಿದ್ದಳು. ವರ್ಷದಲ್ಲಿ ನಾಲ್ಕು ತಿಂಗಳು ನಾನು ಕೂಲಿಗೆ ಹೋಗುವುದು ಅವಳ ಹೊಲಕ್ಕೇ. ನನಗೆ ಏನಾಯಿತೋ, “ನಮ್ಮ ಹೊಲಕ್ಕೂ ಬರಬೇಕ್ರಿ,” ಅಂದುಬಿಟ್ಟೆ.

“ಬರ್ತೇನ್ರಿ. ನಿಮ್ಮ ಹೊಲಾ ಎಲ್ಲೈತ್ರಿ?”

“ಹಳ್ಳದ ದಂಡಿಗೆ ಐತ್ರಿ.”

ಕಾಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾವಾಗ ತಗೊಂಡ್ಯವಾ? ನಮಗ ಪೇಢಾ ಹಂಚಲಿಲ್ಲಲಾ,” ಅಂದಳು. ಉಳಿದವರು ಸೆರಗು ಬಾಯಿಗೆ ಹಿಡಿದು ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿಯಾಗಿತ್ತು.

ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಸೊಂಟದ ಮೇಲೆ ಕೈಯಿಟ್ಟಳು. “ಅವ್ವಾ, ಹಳ್ಳದ ದಂಡಿಗೆ ಇರೂದು ಸುಡುಗಾಡ.”

ಬಸವನ ಬಾಗೇವಾಡಿಯ ತಂಗಿಗೆ ಫೋನು ಮಾಡಿದೆ. ಅವಳು ನಕ್ಕು ನಕ್ಕು ಕೆಮ್ಮಿ, “ಜ್ವರಾ ಬಂದೈತಿ ಅಂತ ಹೇಳಿ ಕೌದಿ ಹೊಚಗೊಂಡು ಮಲಕೊ,” ಅಂದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕಲು ನನಗೆ ಮನಸ್ಸಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಕ್ಕೋರು ನನ್ನ ಕೈಯ ಊಟ ಉಣ್ಣದೆ ಹೋಗಿಬಿಡುತ್ತಾರಲ್ಲ ಎಂಬ ಸಂಕಟ ನನ್ನನ್ನು ಕಾಡುತ್ತಿತ್ತು. ಇನ್ನೊಂದು ಅಮಾವಾಸ್ಯೆ ಸಿಗುವಂತಿರಲಿಲ್ಲ.

ನಾಚಿಕೆ ನುಂಗಿಕೊಂಡು ಕಾಕಿಯ ಮನೆಗೇ ಹೋದೆ. ಬದುವಿನ ಮೇಲೆ ಕೂಡುವಷ್ಟು ಜಾಗ ಕೊಟ್ಟರೆ ಸಾಕು, ಅಲ್ಲಿಯೇ ಬುತ್ತಿ ಬಿಚ್ಚುತ್ತೇನೆ ಎಂದೆ. ಅವಳು ಜೋಳ ಹಸನು ಮಾಡುತ್ತ ತಲೆ ಎತ್ತದೆ, “ಬ್ಯಾರೆ ಯಾಕ? ನಿನ್ನ ಬುತ್ತಿ ತಂದು ನಮ್ಮ ಬುಟ್ಟ್ಯಾಗ ಕೂಡಸು. ಅಕ್ಕೋರಿಗೆ ನಾನ ಬಡಸ್ತೇನಿ,” ಅಂದಳು.

ಅವಳು ಕೆಟ್ಟವಳಲ್ಲ. ಆದರೂ ನನಗೆ ಮೈ ಉರಿಯಿತು. ರೊಟ್ಟಿ ನಾನು ಬಡಿಯಬೇಕು, ಬಡಿಸುವ ಕೈ ಅವಳದಾಗಬೇಕು! ಹೋಗ್ತೇನಿ ಎಂದೂ ಹೇಳದೆ ಎದ್ದು ಬಂದೆ. ಸಂಜೆಗೇ ಶೇಂಗಾ ಹುರಿಯಲು ಕೂತೆ.

ಅಮಾವಾಸ್ಯೆಯ ದಿನ ಕತ್ತಲಿರುವಾಗಲೇ ಎದ್ದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ ಎಣಗಾಯಿ, ಅಗಸಿ ಹಿಂಡಿ, ಎಲ್ಲ ಮಾಡಿದೆ. ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿ, ಮಗಳ ಕೈಗೆ ನೀರಿನ ಕೊಡ ಕೊಟ್ಟು, ಬಸ್ಸು ನಿಲ್ಲುವಲ್ಲಿ ಹೋಗಿ ನಿಂತೆ. ಊರ ಬಂಡಿ, ಟ್ರ್ಯಾಕ್ಟರು ಎಲ್ಲ ಹೊಲಗಳ ಕಡೆ ಹೋಗುತ್ತಿದ್ದವು. ಎಲ್ಲರೂ ನಮ್ಮ ಬುತ್ತಿ ನೋಡಿ, ಹಳ್ಳದ ಕಡೆ ನೋಡಿ ಹೋದರು.

ಅಕ್ಕೋರು ಬಸ್ಸಿಳಿದರು. ಗಿಡ್ಡ ತೋಳಿನ ಆ ಹಸಿರು ಕುಪ್ಪಸವನ್ನೇ ತೊಟ್ಟಿದ್ದರು.

“ಅಕ್ಕೋರ, ನಮಗ ಹೊಲಾ ಇಲ್ರಿ. ಸುಳ್ಳ ಹೇಳೀನ್ರಿ. ಬುತ್ತಿ ಅಷ್ಟ ಖರೇ ಐತ್ರಿ.”

ಅವರು ನೀರಿನ ಕೊಡವನ್ನು ಮಗಳ ಕೈಯಿಂದ ತಾವೇ ಇಸಿದುಕೊಂಡರು. “ನಮಗೂ ಇಲ್ರಿ. ಇಂಡ್ಯಾಗ ನಮ್ಮ ಅಜ್ಜಾರ ಹೊಲಾ ಇತ್ತು, ಅವರೂ ಚರಗಾ ಚೆಲ್ಲತಿದ್ರು, ಅದು ಯಾವಾಗೋ ಹೋತು. ಆದ್ರ ನಾ ಬಿತ್ತಿಸಿದ್ದು ಒಂದ ಜಾಗಾ ಐತಿ. ಬರ್ರಿ.”

ನೇರ ಶಾಲೆಗೆ ನಡೆದರು. ಗೇಟಿಗೆ ಕೀಲಿ ಹಾಕಿತ್ತು. ಹಿಂದೆ ಗೋಡೆ ಬಿದ್ದ ಕಡೆ, ಹುಡುಗರು ಕದ್ದು ಓಡಿಹೋಗುವ ದಾರಿಯಲ್ಲಿ, ಸೀರೆ ಎತ್ತಿ ಕಟ್ಟಿ ದಾಟಿದರು. ಒಳಗೆ ಗೋಡೆಯುದ್ದಕ್ಕೂ ತೊಗರಿ ಎದೆಮಟ ಬೆಳೆದು ಕಾಯಿ ಹಿಡಿದಿತ್ತು. ಗಿಡದಿಂದ ಗಿಡಕ್ಕೆ ಅಂತರ ಅಳೆಯುವ ಪಾಠವೆಂದು ಅಕ್ಕೋರು ಮಕ್ಕಳಿಂದ ಬಿತ್ತಿಸಿದ ತೊಗರಿ ಅದು. ದಿನಾ ಶಾಲೆಯ ಮುಂದೆ ಹಾದು ಹೋಗುವ ನನಗೇ ಗೊತ್ತಿರಲಿಲ್ಲ.

ಅಲ್ಲಿ ಕೂತು ಅವರು ಕಾಕಿಗೆ ಫೋನು ಮಾಡಿದರು. “ಕಾಕಿ, ನಾ ಸಾಲ್ಯಾಗ ಇದ್ದೇನಿ. ಈ ಸಲ ಊಟಾ ಇಲ್ಲೇ. ನಿಮ್ಮ ಬುಟ್ಟೀನೂ ಇಲ್ಲೇ ತರ್ರಿ, ಉಳಿದವರಿಗೂ ಹೇಳ್ರಿ.”

ಬರಲಿಕ್ಕಿಲ್ಲ ಎಂದೇ ನಾನು ತಿಳಿದಿದ್ದೆ. ಅರ್ಧ ತಾಸಿಗೆ ಎರಡು ಟ್ರ್ಯಾಕ್ಟರು ಬಂದು ನಿಂತವು. ಹೆಂಗಸರು ಬುಟ್ಟಿಗಳನ್ನು ಗೋಡೆಯ ಮೇಲಿಂದ ದಾಟಿಸಿದರು, ಮಕ್ಕಳು ಹಿಂಡಾಗಿ ನುಗ್ಗಿ ಬಂದರು. ಎಲ್ಲಕ್ಕೂ ಕಡೆಗೆ ಕಾಕಿ, ಮುಖ ಊದಿಸಿಕೊಂಡು, ಮೊಣಕಾಲು ಹಿಡಿದುಕೊಂಡು ದಾಟಿದಳು. ಅಷ್ಟು ಬುಟ್ಟಿಗಳ ನಡುವೆ ಅಕ್ಕೋರು ಮೊದಲು ಬಿಚ್ಚಿದ್ದು ನನ್ನ ಬುತ್ತಿ. ಒಂದು ತುತ್ತಲ್ಲ, ಎರಡು ರೊಟ್ಟಿ ಉಂಡು ಹೋಳಿಗೆಗೆ ಕೈ ಹಾಕಿದರು. ನಾನೇ ಬಡಿಸಿದೆ. ಕಾಕಿಯ ಮುಂದೂ ಪುಂಡಿಪಲ್ಯ ನೀಡಿದೆ. ಅವಳು ಮುಖ ತಿರುಗಿಸಿಕೊಂಡೇ ಉಂಡು, ಎರಡನೇ ಸಲ ತಾನಾಗಿ ಕೈ ಚಾಚಿದಳು. “ಉಪ್ಪ ಒಂದೀಟ ಕಮ್ಮಿ ಆಗೇತಿ,” ಅಂದಳು, ಚೂರೂ ಬಿಡಲಿಲ್ಲ.

ಅಷ್ಟರಲ್ಲಿ ಯಾರೋ, ಚರಗವೇ ಆಗಿಲ್ಲ, ಉಣ್ಣಲು ಕೂತುಬಿಟ್ಟೆವಲ್ಲ ಎಂದು ಹೌಹಾರಿದರು. ನಗೆಯೋ ನಗೆ. ಎಲ್ಲರ ಅಡಿಗೆಯನ್ನೂ ಒಂದು ಪಾತ್ರೆಯಲ್ಲಿ ಕಲಸಿದರು. ಚೆಲ್ಲುವುದು ಹೊಲದ ಒಡೆಯರ ಕೆಲಸ. ರೂಢಿಯಂತೆ ಕಾಕಿಯ ಗಂಡ ರುಮಾಲು ಸರಿಮಾಡಿಕೊಂಡು ಎದ್ದ. ಅಕ್ಕೋರು ಪಾತ್ರೆ ಎತ್ತಿ ನನ್ನ ಕಂಕುಳಿಗಿಟ್ಟರು.

“ಇವತ್ತ ಎಲ್ಲಾರನೂ ಇಲ್ಲಿ ಕೂಡಿಸಿದಾಕಿ ಈಕಿ. ಈಕೀನ ಚೆಲ್ಲಲಿ.”

ಮಂದಿಯ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿದ್ದೆ, ಚೆಲ್ಲುವವರ ಹಿಂದೆ ನೀರು ಚಿಮುಕಿಸುತ್ತ ನಡೆದಿದ್ದೆ. ಪಾತ್ರೆ ನನ್ನ ಕೈಗೆ ಬಂದದ್ದು ಅದೇ ಮೊದಲು. ಮುಷ್ಟಿ ತುಂಬಿಕೊಂಡು, ಚರಗ ಚೆಲ್ಲುವವರು ಕೂಗುವಂತೆ “ಹುಲ್ಲುಲ್ಲಿಗೋ” ಎಂದು ಕೂಗಿದೆ. ಮೊದಲ ಕೂಗು ನನಗೇ ಕೇಳಲಿಲ್ಲ. ಎರಡನೆಯದಕ್ಕೆ ಮಕ್ಕಳೆಲ್ಲ ದನಿ ಕೂಡಿಸಿದರು, ಮಗಳು ಹಿಂದಿನಿಂದ ನೀರು ಎರಚುತ್ತ ಬಂದಳು, ಅಕ್ಕೋರು ಎಲ್ಲರಿಗಿಂತ ಜೋರಾಗಿ ಕೂಗಿದರು. ಆ ಗೋಡೆಯ ಈ ತುದಿಯಿಂದ ಆ ತುದಿಗೆ ಒಂದು ಸಲ ಚೆಲ್ಲಿದರೆ ಸಾಕಿತ್ತು. ನಾನು ತಿರುಗಿ ನಿಂತು ಇನ್ನೊಂದು ಸಲ ಚೆಲ್ಲಿದೆ.