ಬಾಣಂತಿ ಉಂಡಿಗೆ ಬಿದ್ದ ಪ್ರೊಟೀನ್ ಬಾರ್

ಮೊನ್ನೆ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಹಸಿದು ಕೂತಿದ್ದೆ. ಎದುರಿನ ಅಂಗಡಿಯಲ್ಲಿ, ಗುಟ್ಕಾ ಮಾಲೆಗಳ ಪಕ್ಕ, ಪ್ರೊಟೀನ್ ಬಾರ್ ಇಟ್ಟಿದ್ದರು. ಒಂದು ಕೊಂಡೆ. ತಿನ್ನುವ ಮೊದಲು ಬೆನ್ನಿನ ಸಣ್ಣಕ್ಷರ ಓದುವ ಚಟ ನಿಮಗೂ ಇರಬಹುದು. ಖರ್ಜೂರ, ಶೇಂಗಾ, ಹಾಲಿನ ಪ್ರೊಟೀನ್, ನಾರಿನಂಶ. ಆಮೇಲೆ, ಓದುವವರು ದಣಿಯಲಿ ಎಂದು ಕಾದಂತೆ, ಸಕ್ಕರೆ ಪಾಕ. ಕಾಗದ ಹರಿದಾಗ ಖರ್ಜೂರದ ವಾಸನೆ ಬಂತು. ಅದರ ಹಿಂದೆಯೇ ನಮ್ಮೂರು ಸರಸಂಬಾದ ಮನೆಯ ಪಡಸಾಲೆ ನೆನಪಿಗೆ ಬಂತು.

ವರ್ಷಗಳ ಹಿಂದೆ ಅಕ್ಕ ಆಳಂದದ ಆಸ್ಪತ್ರೆಯಲ್ಲಿ ಹೆತ್ತು, ಆ ಪಡಸಾಲೆಗೆ ಬಾಣಂತನಕ್ಕೆ ಬಂದಿದ್ದಳು. ರಕ್ತ ಬಹಳ ಹೋಗಿತ್ತು. ಕೂಸನ್ನು ಎತ್ತಿಕೊಳ್ಳಲು ಚಾಚಿದ ಕೈ ನಡುಗುತ್ತಿತ್ತು. ಬೇರೆಯವರು ಎತ್ತಿ ಎದೆಗೆ ಹಿಡಿಯಬೇಕಿತ್ತು. ಗುಳಿಗೆ ಕೊಟ್ಟ ಡಾಕ್ಟರು, ಪ್ರೊಟೀನ್ ಇರುವ ಊಟ ಹೊಟ್ಟೆಗೆ ಹೋಗದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಿದ್ದರು. ಅಕ್ಕನಿಗೋ ತುತ್ತು ಕಂಡರೆ ಓಕರಿಕೆ.

ಆಗ ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ. ವಿಷಯ ಇತಿಹಾಸ, ಪ್ರೊಟೀನಿನ ಮೇಲೆ ಭಾಷಣ ಮಾಡಲು ಅದೇನೂ ಅಡ್ಡಿಯಾಗಲಿಲ್ಲ. ಔಷಧಿ ಅಂಗಡಿಯಿಂದ ಎರಡು ಬಾರ್ ತಂದು, ಅವುಗಳ ಶಕ್ತಿಯನ್ನು ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ವಿವರಿಸಿದೆ. ಆಯಿ ಪೂರ್ತಿ ಕೇಳಿ, ಬಾಯಿಗೆ ರುಚಿ ಅದ ಏನು ಎಂದಷ್ಟೇ ವಿಚಾರಿಸಿದಳು.

ನಮ್ಮ ಓಣಿಯಲ್ಲಿ ಬಾಣಂತಿಯ ಅಂಟಿನ ಉಂಡಿ ಒಂದೇ ಮನೆಯ ಸಾಮಾನಿನಿಂದ ಆಗುವುದಿಲ್ಲ. ಮನೆಗೊಂದು ಹಿಡಿ ಬರುತ್ತದೆ: ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ತುಪ್ಪದಲ್ಲಿ ಹುರಿದು ಅರಳಿಸಿದ ಅಂಟು. ಏನು ತಂದಿರಿ ಎಂದು ಕೇಳುವಂತಿಲ್ಲ, ತಂದದ್ದನ್ನು ಬಿಡುವಂತಿಲ್ಲ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಕಾಗದ ಬಿಚ್ಚಿದ ನನ್ನ ಬಾರ್‌ಗಳೂ ಒರಳಿಗೆ ಬಿದ್ದಿದ್ದವು. ಅವು ನನ್ನ ಪಾಲಿನ ಹಿಡಿ ಎಂದು ಆಯಿ ತಿಳಿದಿದ್ದಳು.

“ಆಯಿ, ಅದು ಹಂಗೇ ತಿನ್ನೋದು. ಕುಟ್ಟಬಾರದು.”

“ಯಾಕ ಲೇ, ನಿಂದೇನು ಬ್ಯಾರೆ ಓಣಿ ಏನು?”

ಬಾರಿನ ಮೇಲಿದ್ದ ಚಾಕಲೇಟು ಒನಕೆಗೆ ಮೆತ್ತಿಕೊಂಡಿತು. ಅದನ್ನು ಕೆರೆಯುತ್ತಾ ಪಕ್ಕದ ಮನೆಯ ಕಾಕಿ, ಸಾಲಿ ಕಲ್ತವರ ಶಕ್ತಿ ಒನಕಿನೂ ಬಿಡವಲ್ದು ಎಂದು ಚುಚ್ಚಿದಳು. ಲೆಕ್ಕ ಹಾಕಿದರೆ ಉಂಡಿಯಲ್ಲಿ ಬೆಲ್ಲ, ತುಪ್ಪವೇ ಹೆಚ್ಚು. ಪ್ರೊಟೀನಿನಲ್ಲಿ ಬಾರ್ ಗೆಲ್ಲುತ್ತಿತ್ತೇನೋ. ಆದರೆ ಎರಡೂ ಒಂದೇ ಒರಳಲ್ಲಿ ಬೆರೆತ ಮೇಲೆ ಸ್ಪರ್ಧೆಯೇ ಉಳಿದಿರಲಿಲ್ಲ.

ಅಕ್ಕ ಉಂಡಿ ಮುರಿದು ಬಾಯಿಗಿಟ್ಟಳು. ಓಕರಿಕೆ ಬಂದೀತೆಂದು ಎಲ್ಲರೂ ಅವಳ ಮುಖ ನೋಡುತ್ತಿದ್ದೆವು. ಬರಲಿಲ್ಲ. ಉಳಿದರ್ಧವನ್ನೂ ತಿಂದಳು.

ನನ್ನ ನೆನಪಿನಲ್ಲಿ ಅವಳು ಕೂಡಲೇ ಕೂಸನ್ನು ಎತ್ತಿಕೊಳ್ಳುತ್ತಾಳೆ. ಹಾಗಾಗಿರಲಾರದು. ವಾರಗಳೇ ಹಿಡಿದಿರಬೇಕು, ಗುಳಿಗೆ, ಹಾಲು, ತೊಗರಿಬೇಳೆಯ ಕಟ್ಟು ಎಲ್ಲವೂ ದುಡಿದಿರಬೇಕು. ಆದರೂ ಅಕ್ಕ ತಾನೇ ಎದ್ದು ಕೂತು, ನಡುಗದ ಕೈಯಿಂದ ಕೂಸನ್ನೆತ್ತಿ ಹೆಗಲಿಗೆ ಹಾಕಿಕೊಂಡ ಆ ಬೆಳಗನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಯಾರದೋ ಮನೆಯ ಕೊಬ್ಬರಿ, ಇನ್ಯಾರದೋ ಮನೆಯ ಉತ್ತತ್ತಿ ಒಂದು ಮೈಯೊಳಗೆ ಹೋಗಿ ತೋಳಾಗುವುದು, ಹಾಲಾಗುವುದು! ಎಷ್ಟು ಓದಿದರೂ ಈ ಬೆರಗು ನನಗೆ ಕಡಿಮೆಯಾಗಿಲ್ಲ.

ಇದೆಲ್ಲ ನಾನೇ ಕಟ್ಟಿಕೊಂಡದ್ದೋ ಎಂದು ಅನುಮಾನವಾಗಿ, ಬಸ್ ಸ್ಟ್ಯಾಂಡಿನಿಂದಲೇ ಜೇವರ್ಗಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಉಂಡಿ ರುಚಿಯಾಗಿತ್ತೇ ಎಂದರೆ, ಎಲ್ಲಿಯ ರುಚಿ, ನಿನ್ನ ಚಾಕಲೇಟು ಕಹಿಯಿತ್ತು ಎಂದಳು.

“ಮತ್ಯಾಕ ತಿಂದಿ?”

“ಇಡೀ ಓಣಿ ಕೈ ಇತ್ತಪಾ ಅದರಾಗ. ಒಬ್ಬರದು ಬ್ಯಾಡ ಅನ್ನಬಹುದು. ಎಲ್ಲಾರದೂ ಬ್ಯಾಡ ಅಂತ ಹ್ಯಾಂಗ ಅನ್ನಲಿ?”

ಅಷ್ಟರಲ್ಲಿ ಆ ಕಡೆ ಗದ್ದಲವಾಯಿತು. ಎತ್ತಬ್ಯಾಡ, ಬಿಡು ಬೇ, ಬೀಳ್ತೇನಿ ಎಂದು ಅಕ್ಕ ನಗುತ್ತಲೇ ಬೈಯುತ್ತಿದ್ದಳು. ಅದೇ ಕೂಸು, ಈಗ ಎಂಟನೆಯ ತರಗತಿಯ ಕಬಡ್ಡಿ ಹುಚ್ಚಿನ ಹುಡುಗಿ, ತಾಯಿಯನ್ನು ಎರಡೂ ತೋಳಲ್ಲಿ ನೆಲದಿಂದ ಎತ್ತಿಬಿಟ್ಟಿದ್ದಳು. ನಗುವಿನಲ್ಲಿ ತಾಯಿ ಯಾರು, ಮಗಳು ಯಾರು ಗೊತ್ತಾಗಲಿಲ್ಲ. ಫೋನು ಕಿವಿಗೊತ್ತಿಕೊಂಡು ಕೇಳುತ್ತಲೇ ನಿಂತೆ.